205 ಕಿಲೋ ಉಳ್ಳಾಗಡ್ಡಿ, ಒಂದು ರಸೀದಿ

2022ರ ನವೆಂಬರ್. ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಉಳ್ಳಾಗಡ್ಡಿಯನ್ನು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲಿಗೆ 200 ರೂಪಾಯಿಯಂತೆ 410 ರೂಪಾಯಿ ಆಯಿತು. ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ. ಆ ರಸೀದಿಯ ಚಿತ್ರ ನಾಡಿನ ಮೊಬೈಲುಗಳಲ್ಲೆಲ್ಲ ಹರಿದಾಡಿತು.

ನೋಡಿದವರೆಲ್ಲ ಮರುಗಿದರು. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಸಣ್ಣ ರೈತನ ಬೆನ್ನಿಗೆ ನಿಲ್ಲುವ ಸಹಕಾರದ ಬೀಜ ನಮ್ಮ ನಾಡಿನಲ್ಲಿ ಮೊದಲು ಮೊಳೆತದ್ದು ಇದೇ ಗದಗ ಸೀಮೆಯಲ್ಲಿ.

ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಬಿತ್ತನೆಗೆ ಸಾಲ ಕೊಟ್ಟ ಸಾಹುಕಾರನೇ ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿ ಅಳೆಸುತ್ತಿದ್ದ. ಸಾಲವೂ ಅವನದೇ, ದರವೂ ಅವನದೇ. ಸಂಘ ಸಾಲದ ಹಗ್ಗವನ್ನು ಸಡಿಲಿಸಿತು. ಆದರೆ 1904ರ ಕಾಯ್ದೆ ಪತ್ತಿನ ಸಂಘಗಳಿಗಷ್ಟೇ ಒಪ್ಪಿಗೆ ಕೊಟ್ಟಿತ್ತು. ಬೆಳೆ ಮಾರುವ ಸಂಘಕ್ಕೆ ದಾರಿ ತೆರೆದದ್ದು 1912ರ ಕಾಯ್ದೆ.

ದಾರಿ ತೆರೆದ ಮೇಲೆ ಗದಗ ತಡಮಾಡಲಿಲ್ಲ. ಈ ಸೀಮೆಯ ಎರಿ ಹೊಲದ ಹತ್ತಿ ಒಂದು ಕಾಲಕ್ಕೆ ಎತ್ತುಗಳ ಮೇಲೆ ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ‘ಕುಮಟಾ ಹತ್ತಿ’ ಎಂಬ ಹೆಸರು. 1880ರ ದಶಕದಲ್ಲಿ ರೈಲು ಬಂತು, ಪೇಟೆ ಬೆಳೆಯಿತು. 1917ರಲ್ಲಿ ಗದಗದಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘ ಹುಟ್ಟಿತು. ಇಂಥ ಸಂಘಗಳ ರೀತಿ ಸರಳ: ಹತ್ತು ಹೊಲದ ಹತ್ತಿ ಒಂದೆಡೆ ಕೂಡಿಸು, ತಳಿ ಬೆರೆಯದಂತೆ ವಿಂಗಡಿಸು, ಎಲ್ಲರ ಎದುರು ಹರಾಜು ಹಾಕು.

ಆದರೆ ಆ ಹೊತ್ತಿಗೆ ಈ ಸೀಮೆಯೆಲ್ಲ ಒಂದೇ ಆಡಳಿತದಲ್ಲಿರಲಿಲ್ಲ: ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಸ್ವಾತಂತ್ರ್ಯದ ನಂತರ ಆ ಗಡಿಗಳು ಅಳಿದವು. 1966ರ ಕೃಷಿ ಮಾರುಕಟ್ಟೆ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಗದಗ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಇಂದು ಎಪಿಎಂಸಿ ಅಂಗಳಗಳಿವೆ. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು; ದೇಶಕ್ಕೆಲ್ಲ ಇಂಥದೇ ವೇದಿಕೆಯಾದ ‘ಇ-ನಾಮ್’ ಶುರುವಾದದ್ದು ಅದಾದ ಎರಡು ವರ್ಷಕ್ಕೆ.

ಹೆಸರುಕಾಳಿನ ಸುಗ್ಗಿಯಲ್ಲಿ ಒಮ್ಮೆ ಇಂಥ ಎಪಿಎಂಸಿ ಅಂಗಳಕ್ಕೆ ಹೋಗಿ ನೋಡಬೇಕು. ದಲಾಲಿ ಅಂಗಡಿಯ ಮುಂದೆ ಸಾಲು ರಾಶಿ, ಒಂದೊಂದಕ್ಕೂ ಲಾಟ್ ನಂಬರಿನ ಚೀಟಿ. ಖರೀದಿದಾರ ಬೊಗಸೆ ತುಂಬ ಕಾಳು ಎತ್ತಿ ಊದುತ್ತಾನೆ. ಒಂದು ಕಾಳನ್ನು ಹಲ್ಲಿಗಿಟ್ಟು ಕಡಿಯುತ್ತಾನೆ. ಕಟ್ಟೆಂದರೆ ಒಣಗಿದೆ, ಮೆತ್ತಗಾದರೆ ಹಸಿ. ಶ್ರಾವಣ, ಭಾದ್ರಪದದ ಮಳೆಯಲ್ಲಿ ಬಿಡಿಸಿದ ಹೆಸರಿಗೆ ಆ ಒಂದು ಕಡಿತದಲ್ಲೇ ದರ ನಿಂತಿದೆ. ಆಮೇಲೆ ಕಂಪ್ಯೂಟರಿನಲ್ಲಿ ಟೆಂಡರ್. ಪಕ್ಕದವನು ಬರೆದ ದರ ಇವನಿಗೆ ಕಾಣದು. ಹೆಚ್ಚಿಗೆ ಬರೆದವನಿಗೆ ಮಾಲು.

ಇದು ದೊಡ್ಡ ಗಳಿಕೆ. ಆದರೂ ಹಸಿ ಹೆಸರು ತಂದವನಿಗೆ ಒಣಗಿಸಲು ಕಟ್ಟೆ ಇಲ್ಲದಿದ್ದರೆ, ಇಂದು ಬಂದ ದರ ಬೇಡವೆಂದು ರಾಶಿ ಇಡಲು ಗೋದಾಮು ಇಲ್ಲದಿದ್ದರೆ, ಬಿತ್ತನೆಗೆ ಮುಂಗಡ ಕೊಟ್ಟ ಅಂಗಡಿಗೇ ಮಾಲು ಹಾಕಬೇಕಿದ್ದರೆ, ದೂರದ ನೂರು ಖರೀದಿದಾರರಿದ್ದೂ ಅವನ ಪಾಲಿಗೆ ಇಲ್ಲದಂತೆಯೇ. ಸಾಲ ಮತ್ತು ಮಾರಾಟ ಬೇರೆ ಬೇರೆ ಮಾತಲ್ಲ ಎಂಬ ಕಣಗಿನಹಾಳದ ಪಾಠ ಇಂದಿಗೂ ಹಳತಾಗಿಲ್ಲ.

ಪರೀಕ್ಷೆ ಈಗ ಹಲ್ಲಿನ ಕಡಿತಕ್ಕೇ ನಿಲ್ಲುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಇಂದಿನ ಪೇಟೆ ಪ್ರಯೋಗಾಲಯದಲ್ಲಿ ಅಳೆಯುತ್ತದೆ, ಔಷಧಿಯ ಶೇಷ ಹುಡುಕುತ್ತದೆ. ಎರಡೆಕರೆಯವನು ಒಂಟಿಯಾಗಿ ಆ ಪರೀಕ್ಷೆ ಮಾಡಿಸಲಾರ. ಹತ್ತು ಬೆಳೆಗಾರರು ಸೇರಿದರೂ ಉತ್ಪಾದಕ ಕಂಪನಿ ಕಟ್ಟಬಹುದೆಂದು 2002ರ ಕಂಪನಿ ಕಾಯ್ದೆ ತಿದ್ದುಪಡಿ ಹೇಳಿತು. 1917ರ ಹತ್ತಿ ಸಂಘ ಮಾಡಿದ್ದೂ ಹೀಗೆ ಕೂಡಿ ಮಾರುವ ಕೆಲಸವನ್ನೇ.

ಉಳ್ಳಾಗಡ್ಡಿಗೆ ಈ ಕೂಡುವಿಕೆ ಇನ್ನೂ ಹೆಚ್ಚು ಬೇಕು. ಮಳೆಗಾಲದ ಗಡ್ಡೆ ಹೆಚ್ಚು ದಿನ ತಾಳುವುದಿಲ್ಲ. ಆ ರಸೀದಿಯ ರೈತರಿಗೆ ಯಶವಂತಪುರದ ದರ ಖಾತ್ರಿಯಾದದ್ದು ಬಾಡಿಗೆ ತಲೆಗೆ ಬಿದ್ದ ಮೇಲೆ. ಚೀಲ ಲಾರಿ ಹತ್ತುವ ಮೊದಲೇ, ಊರಿನ ಸಂಘದ ಕಟ್ಟೆಯ ಮೇಲೆ, ದರ ಮಾತಾಡಿ ಮುಗಿದಿರಬೇಕು.