ಅಮ್ಮ ‘ಬೇಡ’ ಎಂದಾಗ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ 78 ವರ್ಷದ ತಾಯಿಯೊಬ್ಬರಿದ್ದಾರೆ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಕಳೆದ ಮಳೆಗಾಲದಲ್ಲಿ ಅವರ ತೋಳಿನ ಮೇಲೆ ಕಂದಿದ ಗುರುತು ಕಂಡೆ. ‘ಬಚ್ಚಲಲ್ಲಿ ಜಾರಿದೆ ಕಣಮ್ಮ’ ಎಂದರು. ಮಗನ ಕೂಗಾಟವನ್ನು ಬೀದಿಯೇ ಕೇಳಿತ್ತು. ಹಿರಿಯರ ಸಹಾಯವಾಣಿಯೊಂದಕ್ಕೆ ಕರೆ ಮಾಡಿದೆ. ತಾಳ್ಮೆಯಿಂದ ಕೇಳಿಸಿಕೊಂಡವರು ಕೊನೆಗೆ, ‘ದೂರು ಕೊಡಲು ಅವರು ಒಪ್ಪುತ್ತಾರೆಯೇ?’ ಎಂದರು. ಅವರು ಒಪ್ಪಲಿಲ್ಲ.

ಇದೇ ಬೀದಿಯಲ್ಲಿ ಹಿಂದೊಮ್ಮೆ 11 ವರ್ಷದ ಹುಡುಗಿಯೊಬ್ಬಳು ಮನೆಗೆಲಸಕ್ಕಿದ್ದಾಗ 1098ಕ್ಕೆ ಕರೆ ಮಾಡಿದ್ದೆ. ಆಗ ಈ ಪ್ರಶ್ನೆ ಏಳಲಿಲ್ಲ. ‘ಇಲ್ಲೇ ಇರ್ತೀನಿ’ ಎಂದು ಹುಡುಗಿ ಅತ್ತರೂ ಕರೆದೊಯ್ದರು.

ಈ ವ್ಯತ್ಯಾಸದ ಬೇರು ಕಾನೂನಿನಲ್ಲೇ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ರಕ್ಷಣೆಯ ಅಗತ್ಯವಿರುವ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗುವಿನ ಮಾತನ್ನು ಅದು ಕೇಳುತ್ತದೆ. ತೀರ್ಮಾನಿಸುವುದು ಮಗುವಿನ ಹಿತವನ್ನು ನೋಡಿ. ಲೈಂಗಿಕ ದೌರ್ಜನ್ಯವಾದರಂತೂ, 2012ರ ಪೋಕ್ಸೊ ಕಾಯ್ದೆಯಡಿ, ತಿಳಿದೂ ದೂರು ಕೊಡದಿರುವುದೇ ಅಪರಾಧ.

ಹಿರಿಯರಿಗಾಗಿ ಇರುವುದು ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ, ತೊರೆದುಹೋದವರಿಗೆ ಮೂರು ತಿಂಗಳವರೆಗೆ ಸೆರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂಪಡೆಯಲು 23ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಸಾಮಾನ್ಯವಾಗಿ ಎಲ್ಲವೂ ಹಿರಿಯರ ಅರ್ಜಿಯಿಂದಲೇ ಆರಂಭವಾಗಬೇಕು. ಜೀವನಾಂಶ ಅಧಿಕಾರಿ ಅವರ ಪರ ನಿಲ್ಲುವುದೂ ಅವರು ಬಯಸಿದರೆ ಮಾತ್ರ. ಮಂಡಳಿ ತಾನಾಗಿಯೂ ವಿಚಾರಣೆ ಕೈಗೆತ್ತಿಕೊಳ್ಳಬಹುದು, ನಿಜ. ಮುಚ್ಚಿದ ಬಾಗಿಲಿನ ಹಿಂದಿನ ಸಂಗತಿಯನ್ನು ಅದಕ್ಕೆ ಮುಟ್ಟಿಸುವವರು ಯಾರು?

ವಯಸ್ಕರನ್ನೂ ಮಕ್ಕಳಂತೆ ಕರೆದೊಯ್ಯುವ ಕಾನೂನು ಬರಲಿ ಎಂದು ನಾನು ಹೇಳಲಾರೆ. ಅಂಥ ಕಾನೂನು ಬಂದರೆ, ಬುದ್ಧಿ ಸ್ಥಿಮಿತದಲ್ಲಿರುವ ತಾಯಿಯನ್ನು ‘ಅವಳ ಒಳಿತಿಗಾಗಿ’ ವೃದ್ಧಾಶ್ರಮಕ್ಕೆ ಸಾಗಿಸಲು ಮೊದಲು ಮುಂದೆ ಬರುವವರು ಮಕ್ಕಳೇ ಆಗಿರಬಹುದು. ಆದರೆ ಅನ್ನದ ಹಂಗಿನಲ್ಲಿ, ಮಗನ ಎದುರೇ ಹೇಳಿದ ‘ಬೇಡ’ ಎಷ್ಟರಮಟ್ಟಿಗೆ ಆಕೆಯದು? ಅದನ್ನು ಅರಿಯಲು ಯಾರಾದರೂ ಏಕಾಂತದಲ್ಲಿ, ಒಂದಲ್ಲ ಹತ್ತು ಸಲ, ಆಕೆಯೊಡನೆ ಕೂರಬೇಕು. ಇಂಗ್ಲೆಂಡಿನ 2014ರ ಕೇರ್ ಆಕ್ಟ್, ಅಪಾಯದಲ್ಲಿರುವ ದುರ್ಬಲ ವಯಸ್ಕರ ವಿಷಯದಲ್ಲಿ ವಿಚಾರಿಸಿ ನೋಡುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆಯೇ ಹೊರಿಸಿದೆ. ನಮ್ಮಲ್ಲಿ ಸದ್ಯಕ್ಕೆ ಆ ಕೆಲಸ ನೆರೆಹೊರೆಗೆ ಬಿಟ್ಟದ್ದು.

ಮಗ ಕೆಲಸಕ್ಕೆ ಹೋದ ಮೇಲೆ, ಹೂ ಕಟ್ಟುವ ನೆಪದಲ್ಲಿ ಆಗಾಗ ಹೋಗಿ ಕೂರುತ್ತೇನೆ. ಐದಾರು ತಿಂಗಳು ಬರೀ ಮಲ್ಲಿಗೆಯ ಬೆಲೆಯ ಮಾತಾಯಿತು. ಕಳೆದ ವಾರ ತಾವಾಗಿಯೇ ಕೇಳಿದರು: ‘ಬರೆದುಕೊಟ್ಟ ಮನೆ ವಾಪಸ್ ಪಡೀಬಹುದಂತೆ, ಹೌದೇನಮ್ಮ?’ ಪತ್ರದಲ್ಲಿ ಷರತ್ತು ಬರೆಸಿದ್ದೀರಾ ಎಂದೆ.

‘ಮಗನಿಗೆ ಯಾರಾದರೂ ಷರತ್ತು ಹಾಕ್ತಾರಾ?’

ಪತ್ರವನ್ನು ಹುಡುಕಿ ಇಡುತ್ತೇನೆ ಎಂದಿದ್ದಾರೆ.