ಫೆಜ್ ನಗರದಲ್ಲಿ ಒಂದು ತಿಂಡಿಯ ನಡಿಗೆ

ಮೊರಾಕೊ ದೇಶದ ಫೆಜ್ ನಗರದ ಹಳೆಯ ಪೇಟೆಗೆ ಮದೀನಾ ಎಂದು ಹೆಸರು. 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಕಾರುಗಳು ಸಂಚರಿಸಲಾರವು. ಸರಕುಗಳನ್ನು ಸಾಗಿಸುವುದು ಕತ್ತೆ, ಹೇಸರಗತ್ತೆ ಮತ್ತು ಕೈಗಾಡಿಗಳ ಕೆಲಸ. ಬೆನ್ನ ಹಿಂದೆ 'ಬಾಲಕ್!' ಎಂಬ ಕೂಗು ಕೇಳಿದೊಡನೆ ಗೋಡೆಗೆ ಸರಿದು ದಾರಿ ಬಿಡಬೇಕು. ಇಂತಹ ಪೇಟೆಯ ತಿಂಡಿತೀರ್ಥಗಳನ್ನು ಅರಿಯಲು ಕಾಲ್ನಡಿಗೆಯೇ ಮಾರ್ಗ. ದಾರಿ ತಪ್ಪದಿರಲು ಪರವಾನಗಿ ಪಡೆದ ಸ್ಥಳೀಯ ಮಾರ್ಗದರ್ಶಿಯೊಬ್ಬರು ಜೊತೆಗಿದ್ದರೆ ಒಳ್ಳೆಯದು.

ನಡಿಗೆಗೆ ಹಲವರು ಆರಿಸಿಕೊಳ್ಳುವ ಆರಂಭಸ್ಥಾನ ಬಾಬ್ ಬೂ ಜೆಲೂದ್ ಎಂಬ ಹೆಬ್ಬಾಗಿಲು. 1913ರಲ್ಲಿ ಕಟ್ಟಿದ ಈ ಬಾಗಿಲಿನ ಹೊರಮೈ ನೀಲಿ, ಒಳಮೈ ಹಸಿರು. ಒಳಹೊಕ್ಕು ನಡೆದಂತೆ ಚಿಕ್ಕ ಅಂಗಡಿಗಳಲ್ಲಿ ಬೆಳಗಿನ ಬಿಸಾರಾ ಕುದಿಯುತ್ತಿರುತ್ತದೆ. ಸಿಪ್ಪೆ ತೆಗೆದು ಒಣಗಿಸಿದ ಫಾವಾ ಎಂಬ ಅಗಲವಾದ ಕಾಳನ್ನು ಬೆಳ್ಳುಳ್ಳಿಯೊಡನೆ ಬೇಯಿಸಿ ಮಸೆದ ಗಟ್ಟಿ ಸಾರು ಅದು. ಮೇಲೆ ಆಲಿವ್ ಎಣ್ಣೆ ಸುರಿದು, ಜೀರಿಗೆ ಪುಡಿಯನ್ನು ಉದುರಿಸಿ ಕೊಡುತ್ತಾರೆ. ಚಳಿಗಾಲದ ಮುಂಜಾನೆ ದುಡಿಮೆಗೆ ಹೊರಟವರ ಹೊಟ್ಟೆ ತುಂಬಿಸುವ ಅಗ್ಗದ ಆಹಾರವಿದು.

ಮುಂದಿನ ಅಂಗಡಿಯಲ್ಲಿ ಸ್ಫೆಂಜ್ ಕರಿಯುತ್ತಿರುತ್ತಾರೆ. ಉದ್ದಿನವಡೆಯಂತೆ ನಡುವೆ ತೂತಿದ್ದರೂ ಇದು ಹುಳಿ ಬರಿಸಿದ ಗೋಧಿ ಹಿಟ್ಟಿನದು. ಹಲವನ್ನು ಕೊಂಡವರಿಗೆ ತಾಳೆಗರಿಯ ಎಳೆಯಲ್ಲಿ ಪೋಣಿಸಿ ಕೊಡುವುದು ವಾಡಿಕೆ. ಎಣ್ಣೆ ಸವರಿ ಚೌಕವಾಗಿ ಮಡಿಸಿ ಕಾವಲಿಯಲ್ಲಿ ಬೇಯಿಸಿದ ಮ್ಸೆಮೆನ್ ನಮ್ಮ ಪರೋಟದ ಬಂಧು. ಒಂದೇ ಬದಿ ಬೆಂದು, ಮೇಲೆಲ್ಲ ಕಣ್ಣುಗಳು ಮೂಡಿದ ರವೆಯ ಬಘ್ರೀರ್ ಕರಾವಳಿಯ ಓಡುದೋಸೆಯನ್ನು ನೆನಪಿಸುತ್ತದೆ.

ಒಬ್ಬಂಟಿ ಪ್ರವಾಸಿ ಸುಲಭವಾಗಿ ಕಾಣದ ತಾಣವೊಂದುಂಟು: ಫೆರ್ರಾನ್, ಅಂದರೆ ಕೇರಿಯ ಸಾಮೂಹಿಕ ಒಲೆ. ಮಸೀದಿ, ಮಕ್ಕಳ ಪಾಠಶಾಲೆ, ನೀರಿನ ಕಾರಂಜಿ, ಸ್ನಾನಗೃಹ, ಒಲೆ ಈ ಐದೂ ಇದ್ದರೆ ಕೇರಿ ಪೂರ್ಣವೆಂಬುದು ಅಲ್ಲಿನ ಹಳೆಯ ಪದ್ಧತಿ. ಮನೆಯಲ್ಲಿ ನಾದಿದ ದುಂಡನೆಯ ಹಿಟ್ಟನ್ನು ಹಲಗೆಯ ಮೇಲಿಟ್ಟು, ಬಟ್ಟೆ ಹೊದಿಸಿ, ಮಕ್ಕಳ ಕೈಯಲ್ಲಿ ಒಲೆಗೆ ಕಳುಹಿಸುತ್ತಾರೆ. ಒಲೆಯವನು ಉದ್ದ ಹಿಡಿಯ ಮರದ ಹುಟ್ಟಿನಿಂದ ಅದನ್ನು ಒಳಗೆ ತಳ್ಳಿ, ಬೆಂದ ಮೇಲೆ ಸ್ವಲ್ಪ ಕೂಲಿ ಪಡೆದು ಹಿಂದಿರುಗಿಸುತ್ತಾನೆ. ಹತ್ತಾರು ಮನೆಗಳ ರೊಟ್ಟಿ ಒಟ್ಟಿಗೆ ಬೇಯುತ್ತಿದ್ದರೂ ಆಕಾರದಿಂದಲೋ ಗುರುತಿನಿಂದಲೋ ಯಾರದು ಯಾವುದೆಂದು ಅವನು ಬಲ್ಲ. ಹಬ್ಬದ ದಿನಗಳಲ್ಲಿ ಸಿಹಿ ಬಿಸ್ಕತ್ತುಗಳ ತಟ್ಟೆಗಳೂ ಅಲ್ಲಿಗೇ ಬರುತ್ತವೆ.

ಈಗ ಮನೆಗಳಿಗೆ ಗ್ಯಾಸ್ ಒಲೆ ಬಂದಿದೆ. ಅಂಗಡಿಯ ರೊಟ್ಟಿ ಕೈಗೆ ಸುಲಭವಾಗಿ ಸಿಗುತ್ತದೆ. ಹಲಗೆಗಳು ಕಡಿಮೆಯಾದಂತೆ ಸೌದೆಯ ಖರ್ಚು ಹೊರುವುದು ಒಲೆಯವನಿಗೆ ಕಷ್ಟ. ಪ್ರವಾಸಿಗಳು ನಿಂತು ನೋಡಿ, ಒಂದು ರೊಟ್ಟಿ ಕೊಂಡರೆ ಅವನಿಗೆ ಸಂತೋಷವೇ. ಆದರೆ ನೋಟಕರಿಂದಷ್ಟೇ ಒಲೆ ಉರಿಯದು. ಕೇರಿಯ ಮನೆಗಳಿಂದ ದಿನವೂ ಹಿಟ್ಟು ಬರಬೇಕು.

ಆ ರೊಟ್ಟಿಗೆ ಅರಬ್ಬಿಯಲ್ಲಿ ಖೊಬ್ಜ್, ಅಮಾಜಿಗ್ ಭಾಷೆಯಲ್ಲಿ ಅಘ್ರೂಮ್. ಶುಕ್ರವಾರದ ಊಟವಾದ ಕುಸ್ಕುಸ್‌ನ ಹೆಸರೂ ಅಮಾಜಿಗ್ ಮೂಲದ್ದೆಂದು ಹೇಳುತ್ತಾರೆ. ಅರಬ್ಬಿ ಬರುವುದಕ್ಕಿಂತ ಮೊದಲೇ ಅಲ್ಲಿದ್ದ ಈ ನುಡಿ ಬಹುಕಾಲ ಶಾಲೆಯ ಹೊರಗೇ ಉಳಿದಿತ್ತು. 2003ರಲ್ಲಿ ತಿಫಿನಾಘ್ ಲಿಪಿಯೊಡನೆ ಅದು ತರಗತಿಯನ್ನು ಪ್ರವೇಶಿಸಿತು. 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆಗೆ ಅಧಿಕೃತ ಸ್ಥಾನ ಪಡೆಯಿತು. ಶಾಲೆ ದೊರೆಯುವವರೆಗೆ ಅದನ್ನು ಕಾಪಾಡಿದ್ದು ಅಡುಗೆಮನೆ, ಹೊಲ ಮತ್ತು ಸಂತೆಯ ಮಾತು. ಗಡಿಯಾಚೆ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಇದರ ಅರ್ಥ ತಿಳಿಯದೇ ಇರದು.

ಪೇಟೆಯಲ್ಲಿ ಮಸಾಲೆ ಹಾಕಿ ಕುದಿಸಿದ ಬಸವನಹುಳುವಿನ ಸಾರೂ ಒಂಟೆಯ ಮಾಂಸವೂ ದೊರೆಯುತ್ತವೆ. ತರಕಾರಿಯ ಅಡುಗೆಗೂ ಕೆಲವೆಡೆ ಮಾಂಸದ ರಸ ಬೆರೆಸುವುದರಿಂದ ಸಸ್ಯಾಹಾರಿಗಳು ಮಾರ್ಗದರ್ಶಿಗೆ ಮೊದಲೇ ತಿಳಿಸುವುದು ಉತ್ತಮ. ಕೊನೆಗೆ ಪುದೀನ ಹಾಕಿದ ಸಿಹಿ ಚಹಾವನ್ನು ಎತ್ತರದಿಂದ ಲೋಟಕ್ಕೆ ಸುರಿದು ಕೊಡುತ್ತಾರೆ. ಅಷ್ಟರಲ್ಲಿ ಮಧ್ಯಾಹ್ನವಾಗಿ, ಬಿಸಿ ರೊಟ್ಟಿಯ ಹಲಗೆ ಹೊತ್ತ ಮಗುವೊಂದು ಓಣಿಯಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡಬೇಕು. ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ.