ಕೇಪು, ಮದ್ದು, ಮಸಿ

ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ, ಕೊಡಗಿನ ಐನ್‌ಮನೆಗಳಲ್ಲಿ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಾರೆ. ಈಗ ಹೆಚ್ಚಾಗಿ ಕಾಣುವುದು ತೋಟಾ ಕೋವಿ. ಅದಕ್ಕಿಂತ ಹಳೆಯದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದರ ಕುದುರೆ, ಎಂದರೆ ಸುತ್ತಿಗೆ, ಬಡಿಯುವ ಜಾಗದಲ್ಲಿ ಉಕ್ಕಿನ ಪುಟ್ಟ ತೊಟ್ಟೊಂದು, ಅದರ ನಡುವೆ ಸೂಜಿ ತೂರುವಷ್ಟು ರಂಧ್ರ, ಮೇಲೆ ತೊಗರಿ ಕಾಳಿನಷ್ಟು ದೊಡ್ಡ ತಾಮ್ರದ ಟೋಪಿ. ಆ ಟೋಪಿಯೇ ಕೇಪು. ರಿವಾಲ್ವರ್ ಎಂಬ ಆಯುಧ ಕೈಗೆ ಒಗ್ಗುವಂತಾದದ್ದೂ ಇದರಿಂದಲೇ.

ಕೇಪಿಗಿಂತ ಮೊದಲು ಚಕಮಕಿ ಕಲ್ಲಿನ ಕಿಡಿ ತೆರೆದ ಬಟ್ಟಲಿನಲ್ಲಿದ್ದ ಮದ್ದಿಗೆ ಬೀಳಬೇಕಿತ್ತು. ಮಳೆ ಬಂದರೆ ಮುಗಿಯಿತು. ಜೊತೆಗೆ, ಗುಂಡು ಹೊರಡುವ ಮುನ್ನವೇ ಬಟ್ಟಲಿನ ಬೆಳಕು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದವು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಬೇಟೆಯ ಗೀಳು. ಕಿಡಿಯ ಬದಲು ಪೆಟ್ಟಿಗೇ ಸಿಡಿಯುವ ರಾಸಾಯನಿಕವನ್ನು ಬಳಸಿ ಆತ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಕೇಪಿನೊಳಗೆ ಸೇರಿದ ಪಾದರಸದ ಫಲ್ಮಿನೇಟನ್ನು ಎಡ್ವರ್ಡ್ ಹೊವರ್ಡ್ 1800ರಲ್ಲೇ ವಿವರಿಸಿದ್ದ. ಅದರ ಅಣುವಿನಲ್ಲಿ ಸಾರಜನಕ, ಆಮ್ಲಜನಕಗಳ ನಂಟು ಬಹಳ ದುರ್ಬಲ. ಕುದುರೆಯ ಒಂದು ಪೆಟ್ಟಿಗೆ ಅದು ಮುರಿದು, ಬೆಂಕಿ ತೊಟ್ಟಿನ ರಂಧ್ರದಲ್ಲಿ ಇಳಿಯುತ್ತದೆ.

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನಲ್ಲಿ ತಿರುಗುವ ಉರುಳೆಯ ಪ್ರತಿ ಕೋಣೆಗೂ ಒಂದು ತೊಟ್ಟು, ಒಂದು ಕೇಪು. ತೆರೆದ ಬಟ್ಟಲಾಗಿದ್ದರೆ ಉರುಳೆ ತಿರುಗುವಾಗ ಮದ್ದು ಚೆಲ್ಲುತ್ತಿತ್ತು. ಆದರೂ ಅಪಾಯ ಉಳಿದೇ ಇತ್ತು. ಒಂದು ಕೋಣೆಯ ಕಿಡಿ ಪಕ್ಕದ ಕೋಣೆಗೂ ಹಾರಿದರೆ ಎರಡು ಮೂರು ಗುಂಡುಗಳು ಒಟ್ಟಿಗೇ ಸಿಡಿಯುತ್ತವೆ. ಅದಕ್ಕೇ ಕೋಣೆಗಿಂತ ಕೂದಲೆಳೆಯಷ್ಟು ದೊಡ್ಡದಾದ ಸೀಸದ ಗುಂಡನ್ನು ಒತ್ತಿ ಕೂರಿಸುತ್ತಾರೆ. ಅಂಚಿನಲ್ಲಿ ಸೀಸದ ತೆಳು ಬಳೆ ಕತ್ತರಿಸಿ ಬಿದ್ದರೆ ಕೋಣೆ ಬಿಗಿಯಾಗಿ ಮುಚ್ಚಿತೆಂದು ಅರ್ಥ. ಸಡಿಲವಾಗಿ ಕೂತ ಕೇಪೂ ಅಷ್ಟೇ ಅಪಾಯಕಾರಿ.

ಇಟಲಿಯ ಗಾರ್ದೋನೆ ವಾಲ್ ಟ್ರೋಂಪಿಯದಲ್ಲಿ ಇಂಥ ರಿವಾಲ್ವರುಗಳ ಪ್ರತಿಕೃತಿಗಳು ಇಂದಿಗೂ ತಯಾರಾಗುತ್ತವೆ. ಅಮೆರಿಕ, ಯುರೋಪಿನ ಅನೇಕ ಹವ್ಯಾಸಿಗಳು ಇಂಥ ಹಳೆಯ ಬಗೆಯ ಕೋವಿಗಳಲ್ಲಿ ಗುರಿ ಅಭ್ಯಾಸ ಶುರುಮಾಡುವುದು ಅವುಗಳಿಂದ. ನಮ್ಮಲ್ಲಿ ಕೇಪಿನ ಕೋವಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಟ್ಟದ್ದು, ಪರವಾನಗಿ ಬೇಕೇ ಬೇಕು. ಆದರೆ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಇಂಥ ಕಪ್ಪು ಮದ್ದಿನ ಕೋವಿ ಹಿಡಿದವರು ಮೊದಲು ಕಲಿಯಬೇಕಾದ್ದು ಗುರಿಯಲ್ಲ, ತೊಳೆಯುವುದು ಎಂದೇ ನನಗನಿಸುತ್ತದೆ. ಮದ್ದಿನಲ್ಲಿ ಪೆಟ್ಲುಪ್ಪು ಆಮ್ಲಜನಕ ಕೊಡುತ್ತದೆ, ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಆದರೆ ಉರಿದದ್ದರಲ್ಲಿ ಅನಿಲವಾಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡುಗಳ ಘನ ಕಣಗಳು. ಗುಂಡು ಹೊಡೆದಾಗ ಏಳುವ ದಟ್ಟ ಬಿಳಿ ಹೊಗೆಯೂ ನಳಿಗೆಗೆ ಮೆತ್ತುವ ಮಸಿಯೂ ಇವೇ. ಕೆಲವು ಸುತ್ತು ಹೊಡೆಯುವಷ್ಟರಲ್ಲಿ ರಿವಾಲ್ವರಿನ ಉರುಳೆ ಬಿಗಿದುಕೊಳ್ಳುತ್ತದೆ. ಮಸಿ ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಜುಲೈ ತಿಂಗಳಲ್ಲಿ ಉಕ್ಕಿಗೆ ತುಕ್ಕು ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ. ಕ್ಲೋರೇಟ್ ಬೆರೆಸಿದ ಕೇಪುಗಳಾದರೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪೂ ಸೇರುತ್ತದೆ. ಇವು ಕರಗುವುದು ಎಣ್ಣೆಯಲ್ಲಲ್ಲ, ನೀರಿನಲ್ಲಿ. ಬಿಸಿನೀರು ಹಾಕಿ ತಿಕ್ಕುವಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದು ಸಲ್ಫೈಡಿನಿಂದ. ನಳಿಗೆ ಪೂರ್ತಿ ಒಣಗಿದ ಮೇಲಷ್ಟೇ ಎಣ್ಣೆ.

1884ರಲ್ಲಿ ಫ್ರಾನ್ಸಿನ ಪೌಲ್ ವಿಯೇಲ್ ಹೊಗೆಯಿಲ್ಲದ ಮದ್ದು ತಂದ. ಅದು ಬಹುಪಾಲು ಅನಿಲವಾಗುವುದರಿಂದ ಅಷ್ಟೇ ಅಳತೆಗೆ ಒತ್ತಡ ಎಷ್ಟೋ ಪಾಲು ಹೆಚ್ಚು. ಕಪ್ಪು ಮದ್ದಿಗೆಂದು ಮಾಡಿದ ಕೋವಿಗೆ ಅದನ್ನು ತುಂಬಿದರೆ ನಳಿಗೆ ಕೈಯಲ್ಲೇ ಸಿಡಿಯಬಹುದು.

ಕಪ್ಪು ಮದ್ದು ಒಣಗಿದ್ದರೆ ದಶಕಗಳು ಕಳೆದರೂ ಸತ್ವ ಕಳೆದುಕೊಳ್ಳದು. ಹಾಗಾಗಿ ಅಜ್ಜನ ಕಾಲದಿಂದ ಗೋಡೆಯಲ್ಲಿ ತೂಗುವ ಕೋವಿಯನ್ನು ಖಾಲಿ ಎಂದು ನಂಬಬೇಡಿ. ತೊಟ್ಟಿನ ಮೇಲೆ ಕೇಪಿಲ್ಲವೆಂದು ಖಚಿತಪಡಿಸಿಕೊಂಡು, ಮುಖವನ್ನು ನಳಿಗೆಯ ನೇರಕ್ಕೆ ತಾರದೆ, ಮದ್ದು ಒತ್ತುವ ಗಜವನ್ನು ಮೆಲ್ಲಗೆ ಒಳಗಿಳಿಸಿ ಬಾಯಿಯ ಮಟ್ಟದಲ್ಲಿ ಗುರುತು ಹಾಕಿ. ಆಮೇಲೆ ಹೊರತೆಗೆದು, ಗುರುತನ್ನು ಬಾಯಿಗೆ ಸರಿಯಾಗಿಟ್ಟು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ತೊಟ್ಟಿನ ಹತ್ತಿರ ತಲುಪದಿದ್ದರೆ ಒಳಗೆ ಏನೋ ಕೂತಿದೆ. ಅದನ್ನು ತೆಗೆಯುವ ಕೆಲಸ ಪರವಾನಗಿ ಇರುವ ಕೋವಿ ರಿಪೇರಿಯವರದು.